ಡಬ್ಬಿಯೊಳಗಿನ ಗಾಂಜಾಕ್ಕೂ ವಯಸ್ಸಾಗುತ್ತದೆ

ಚೀನಾದ ಷಿನ್‌ಜಿಯಾಂಗ್ ಸೀಮೆಯಲ್ಲಿ ತುರ್ಪಾನ್ ಎಂಬ ತಗ್ಗು ಪ್ರದೇಶವಿದೆ. ಅಲ್ಲಿ ಮಳೆ ತೀರಾ ಅಪರೂಪ, ಮಣ್ಣು ಕ್ಷಾರೀಯ. ಹೂತಿಟ್ಟ ವಸ್ತು ಕೊಳೆಯುವುದಕ್ಕಿಂತ ಮೊದಲು ಒಣಗಿಬಿಡುತ್ತದೆ. ಅಲ್ಲಿನ ಯಾಂಗ್‌ಹೈ ಸಮಾಧಿಗಳ ಪೈಕಿ ಒಂದರಲ್ಲಿ ಸುಮಾರು 45 ವರ್ಷದ ಪುರುಷನ ಅವಶೇಷದ ಬಳಿ ಕುದುರೆಯ ಕಡಿವಾಣ, ತಂತಿವಾದ್ಯ, ಚರ್ಮದ ಬುಟ್ಟಿ, ಮರದ ಬೋಗುಣಿ ಸಿಕ್ಕವು. ಬುಟ್ಟಿ ಮತ್ತು ಬೋಗುಣಿಯಲ್ಲಿ ಇದ್ದದ್ದು 789 ಗ್ರಾಂ ಗಾಂಜಾ. ಅದಕ್ಕೆ ವಯಸ್ಸು ಸುಮಾರು 2,700 ವರ್ಷ.

ಈಥನ್ ರುಸ್ಸೊ ಮತ್ತು ಚೀನೀ ಸಂಶೋಧಕರ ತಂಡ ಇದರ ಪರೀಕ್ಷೆ ನಡೆಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಸೊಪ್ಪು ಇನ್ನೂ ಹಸಿರಾಗಿಯೇ ಇತ್ತು, ಆದರೆ ಗಾಂಜಾದ ವಾಸನೆ ಉಳಿದಿರಲಿಲ್ಲ. ಬೀಜ ಬಿತ್ತಿ ನೋಡಿದರೆ ಮೊಳಕೆ ಒಡೆಯಲಿಲ್ಲ. ಅಮಲು ಏರಿಸುವ ಟಿಎಚ್‌ಸಿ ಎಂಬ ಅಂಶದ ಜಾಗದಲ್ಲಿ, ಅದು ಸವೆದು ಹುಟ್ಟುವ ಸಿಬಿಎನ್ ಮುಖ್ಯವಾಗಿ ಕಂಡಿತು. ಜಗತ್ತಿನ ಅತ್ಯಂತ ಒಣ ಉಗ್ರಾಣಗಳಲ್ಲೊಂದು ರೂಪ, ಬಣ್ಣಗಳನ್ನು ಕಾಪಾಡಿಕೊಟ್ಟಿತ್ತು. ಸತ್ವವನ್ನು ಕಾಪಾಡಲು ಅದಕ್ಕೂ ಆಗಿರಲಿಲ್ಲ.

ಕಣ್ಣಿಗೆ ಹಾಗೆಯೇ ಕಾಣುತ್ತದೆ, ಒಳಗೆ ಬೇರೆಯಾಗಿರುತ್ತದೆ. ಇದು ಸಮಾಧಿಯ ಮಾತಷ್ಟೇ ಆಗಿದ್ದರೆ ಪುರಾತತ್ವದವರಿಗೆ ಬಿಟ್ಟು ಸುಮ್ಮನಿರಬಹುದಿತ್ತು. ಈಗ ಕೆನಡಾದಂಥ ದೇಶಗಳಲ್ಲಿ ಗಾಂಜಾ ಮನೆಯ ಕಪಾಟಿಗೆ ಬಂದಿದೆ. 2018ರ ಅಕ್ಟೋಬರ್ 17ರಂದು ಅಲ್ಲಿ ಗಾಂಜಾ ಕಾಯ್ದೆ ಜಾರಿಯಾಯಿತು. ವಯಸ್ಕರು ಸಾರ್ವಜನಿಕ ಸ್ಥಳದಲ್ಲಿ 30 ಗ್ರಾಂ ಒಣ ಗಾಂಜಾವನ್ನು ತಮ್ಮ ಬಳಿ ಇಟ್ಟುಕೊಳ್ಳಬಹುದು. ಹೆಚ್ಚಿನ ಪ್ರಾಂತಗಳಲ್ಲಿ ಮನೆಗೆ ನಾಲ್ಕು ಗಿಡ ಬೆಳೆಸಲೂ ಅವಕಾಶವಿದೆ. ಕ್ವಿಬೆಕ್ ಇದಕ್ಕೆ ಒಪ್ಪದೆ ನಿಷೇಧ ಹೇರಿತು. ಅದು ಸರಿಯೆಂದು ಕೆನಡಾದ ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪಿತ್ತಿತು. ನಮ್ಮ ಕನ್ನಡಿಗರ ಮಕ್ಕಳು, ಮೊಮ್ಮಕ್ಕಳು ಅಲ್ಲಿ ಸಂಸಾರ ಹೂಡಿದ್ದಾರೆ. ಅವರ ಮನೆಗಳಲ್ಲಿ, ನೆರೆಮನೆಗಳಲ್ಲಿ, ಮಗು ಆಡಲು ಹೋಗುವ ಗೆಳೆಯನ ಮನೆಯಲ್ಲಿ ಈ ವಸ್ತು ಇರಬಹುದು. ಆದ್ದರಿಂದ ಇದು ಎಷ್ಟು ದಿನ ಏನಾಗಿ ಇರುತ್ತದೆ ಎಂಬುದನ್ನು ತಿಳಿಯುವುದು ಸೇದುವವರಿಗಷ್ಟೇ ಸೇರಿದ ಕೆಲಸವಲ್ಲ.

ನೌಗಾಂವ್‌ನ ಗೋಲಾಗಳು

ಗಾಂಜಾ ಹಳತಾದರೆ ಕೆಡುತ್ತದೆ ಎಂಬ ತಿಳಿವಳಿಕೆಯ ಒಂದು ಪಾಲು ಭಾರತ ಉಪಖಂಡದ್ದು. ಬ್ರಿಟಿಷರ ಕಾಲದಲ್ಲಿ ಗಾಂಜಾ ಬೇಸಾಯದ ದೊಡ್ಡ ಕೇಂದ್ರ ಬಂಗಾಳದ ರಾಜಶಾಹಿ ಜಿಲ್ಲೆಯ ನೌಗಾಂವ್ ಪ್ರದೇಶ. ಅದು ಈಗ ಬಾಂಗ್ಲಾದೇಶದಲ್ಲಿದೆ. ಸರ್ಕಾರ ಪರವಾನಗಿ ಕೊಟ್ಟು ಬೆಳೆಸುತ್ತಿತ್ತು, ಸುಂಕ ವಸೂಲು ಮಾಡುತ್ತಿತ್ತು. ಕಟಾವಾದ ಮಾಲು ಗೋಲಾ ಎಂದು ಕರೆಯುವ ಗೋದಾಮುಗಳಿಗೆ ಬರುತ್ತಿತ್ತು. ಹೇಮಚಂದ್ರ ಕೇರ್ ಎಂಬ ಅಧಿಕಾರಿ 1877ರಲ್ಲಿ ಈ ಬೇಸಾಯ ಮತ್ತು ವ್ಯಾಪಾರದ ಬಗ್ಗೆ ವಿವರವಾದ ವರದಿ ಬರೆದರು. ಕಲ್ಕತ್ತೆಯ ಸಸ್ಯವಿಜ್ಞಾನಿ ಡೇವಿಡ್ ಪ್ರೇನ್ 1893ರಲ್ಲಿ ಮತ್ತೊಂದು ವರದಿ ಕೊಟ್ಟರು. ಅದೇ ವರ್ಷ ನೇಮಕವಾದ ಭಾರತೀಯ ಗಾಂಜಾ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ತನ್ನ ಸಂಪುಟಗಳನ್ನು ಒಪ್ಪಿಸಿತು.

ನೌಗಾಂವ್‌ನಲ್ಲಿ ಮಾಲು ಎರಡು ಬಗೆಯಾಗಿ ತಯಾರಾಗುತ್ತಿತ್ತು. ಕೊಯ್ದ ಹೂಗೊಂಚಲನ್ನು ಹರವಿ ಕಾಲಿನಿಂದ ತುಳಿದು ಚಪ್ಪಟೆ ಮಾಡಿದರೆ ಚಪ್ಟಾ ಗಾಂಜಾ, ಉರುಟಾಗಿ ಹೊಸೆದರೆ ಗೋಲ್ ಗಾಂಜಾ. ಉದುರಿದ ಪುಡಿಗೆ ಚೂರ್ ಎಂಬ ಹೆಸರು. ತುಳಿಯುವುದು ಸುಮ್ಮನೆ ಅಳತೆಗೆ ತರುವ ಕೆಲಸ ಆಗಿರಲಿಲ್ಲ. ಹೂವಿನ ಅಂಟು ಒಂದಕ್ಕೊಂದು ಹತ್ತಿ ಗೊಂಚಲು ಗಟ್ಟಿಯಾಗಬೇಕಿತ್ತು. ಗಟ್ಟಿಯಾದ ಮಾಲಿನ ಒಳಭಾಗಕ್ಕೆ ಗಾಳಿ ತಾಗುವುದು ಕಡಿಮೆ. ಉದುರಿದ ಚೂರಿಗೆ ಎಲ್ಲ ಕಡೆಯಿಂದಲೂ ಗಾಳಿ ತಾಗುತ್ತದೆ.

ವಯಸ್ಸಿನ ಕೂಸು ಮೊದಲು ಸಿಕ್ಕಿತು

ಭಾರತದ ಚರಸ್ (ಗಾಂಜಾ ಗಿಡದ ರಾಳ) ಇಂಗ್ಲೆಂಡಿನ ಕೇಂಬ್ರಿಡ್ಜ್ ಸೇರಿದ ಮೇಲೆ ಕಥೆ ರಸಾಯನಶಾಸ್ತ್ರದ ಕೈಗೆ ಬಂತು. ವುಡ್, ಸ್ಪೈವಿ, ಈಸ್ಟರ್‌ಫೀಲ್ಡ್ ಎಂಬ ಮೂವರು 1890ರ ದಶಕದಲ್ಲಿ ಚರಸ್‌ನ ಅಂಶಗಳನ್ನು ಬೇರ್ಪಡಿಸಲು ಹೊರಟರು. ಅವರ ಕೈಗೆ ಸಿಕ್ಕಿದ್ದಕ್ಕೆ ಕ್ಯಾನಬಿನಾಲ್ ಎಂದು ಹೆಸರಿಟ್ಟರು. ಅದೇ ಇಂದಿನ ಸಿಬಿಎನ್. ತಾಜಾ ಗಿಡದಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಮಾಲು ಹಳತಾದಂತೆ, ಗಾಳಿಯ ಆಮ್ಲಜನಕ ಟಿಎಚ್‌ಸಿಯನ್ನು ತಿನ್ನುತ್ತ ಹೋದಂತೆ ಇದು ಹೆಚ್ಚುತ್ತದೆ. ಗಾಂಜಾದ ವಿಶಿಷ್ಟ ರಾಸಾಯನಿಕಗಳಲ್ಲಿ ಮನುಷ್ಯರು ಮೊದಲು ಬೇರ್ಪಡಿಸಿದ್ದು, ಹೀಗೆ, ಅದರ ಮುಪ್ಪಿನ ಗುರುತನ್ನು. ಅಮಲಿನ ಮೂಲವಾದ ಟಿಎಚ್‌ಸಿಯನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ ಅದರ ರಚನೆ ತಿಳಿಸಿದ್ದು 1964ರಲ್ಲಿ, ಇಸ್ರೇಲಿನ ರಫಾಯೆಲ್ ಮೆಷೌಲಮ್ ಮತ್ತು ಯೆಹಿಯೆಲ್ ಗಾವೊನಿ.

ಈ ನಡುವಿನ ಕಾಲದಲ್ಲಿ ಗಾಂಜಾ ಪಾಶ್ಚಾತ್ಯ ಔಷಧಾಲಯಗಳಲ್ಲಿ ಔಷಧಿಯೇ ಆಗಿತ್ತು. ವೈದ್ಯರ ದೂರು ಒಂದೇ, ಒಂದು ಬಾಟಲಿಯ ಔಷಧಿ ರೋಗಿಯನ್ನು ಬೀಳಿಸುತ್ತದೆ, ಇನ್ನೊಂದು ಏನೂ ಮಾಡುವುದಿಲ್ಲ. ಭಾರತದಿಂದ ಹಡಗಿನಲ್ಲಿ ಬರುವಷ್ಟರಲ್ಲಿ ಮಾಲು ಎಷ್ಟು ಹಳತಾಗಿತ್ತು, ಅಂಗಡಿಯಲ್ಲಿ ಎಷ್ಟು ಕಾಲ ಕೂತಿತ್ತು ಎಂದು ಅಳೆಯುವ ದಾರಿ ಇರಲಿಲ್ಲ. ಅಮೆರಿಕದ ಔಷಧಿ ಕಂಪನಿಗಳು ನಾಯಿಗಳಿಗೆ ಕೊಟ್ಟು ಅವು ತೂರಾಡುವುದನ್ನು ನೋಡಿ ಸತ್ವ ಅಂದಾಜು ಮಾಡುತ್ತಿದ್ದವು. 1942ರಲ್ಲಿ ಅಮೆರಿಕದ ಔಷಧ ಸಂಹಿತೆಯಿಂದ ಗಾಂಜಾ ಹೊರಬಿತ್ತು. ಅದಕ್ಕೆ ಕಾನೂನು, ರಾಜಕೀಯದ ಕಾರಣಗಳೂ ಇದ್ದವು. ಆದರೆ ಅಳತೆಗೆ ಸಿಗದ ಔಷಧಿ ಎಂಬ ಅಪನಂಬಿಕೆ ಅದಕ್ಕೂ ಮೊದಲೇ ಬೇರೂರಿತ್ತು.

ನಾಲ್ಕು ವರ್ಷದಲ್ಲಿ ಎಷ್ಟು ಹೋಗುತ್ತದೆ?

ಅಳತೆ ಬಂದದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಲಂಡನ್ನಿನ ಫೇರ್‌ಬೇರ್ನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನ ಇವತ್ತಿಗೂ ಈ ವಿಷಯದ ಬುನಾದಿ. ಅವರ ಪ್ರಕಾರ ಮೊದಲ ಶತ್ರು ಬೆಳಕು. ನೇರ ಬಿಸಿಲೇ ಬೇಕಿಲ್ಲ, ಕೋಣೆಯೊಳಗಿನ ಬೆಳಕೂ ಸಾಕು. ಎರಡನೆಯದು ಗಾಳಿ. 20 ಡಿಗ್ರಿ ಸೆಲ್ಸಿಯಸ್ ಒಳಗಿನ ತಾಪಮಾನದಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ಎಚ್ಚರದಿಂದ ತಯಾರಿಸಿದ ಮಾಲನ್ನು ಕತ್ತಲಲ್ಲಿ, ಕೋಣೆಯ ತಾಪದಲ್ಲಿ ಇಟ್ಟರೆ ಒಂದೆರಡು ವರ್ಷ ತಕ್ಕಮಟ್ಟಿಗೆ ತಾಳುತ್ತದೆ. ಇನ್ನೊಂದು ಸೂಕ್ಷ್ಮವನ್ನೂ ಅವರು ಕಂಡರು. ಕತ್ತಲಲ್ಲಿ ಗಾಳಿಯಿಂದ ಸವೆದ ಟಿಎಚ್‌ಸಿ ಸಿಬಿಎನ್ ಆಗುತ್ತದೆ, ಬೆಳಕಿನಿಂದ ಸವೆದದ್ದು ಹಾಗೆ ಆಗುವುದಿಲ್ಲ. ಅಂದರೆ ಕಿಟಕಿಯ ಬಳಿ ಇಟ್ಟ ಡಬ್ಬಿಯ ನಷ್ಟವನ್ನು ಸಿಬಿಎನ್ ಲೆಕ್ಕದಿಂದಲೂ ಪೂರ್ತಿ ಹಿಡಿಯಲಾಗದು.

ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯ 1968ರಿಂದ ಸರ್ಕಾರಿ ಒಪ್ಪಂದದಡಿ ಸಂಶೋಧನೆಗಾಗಿ ಗಾಂಜಾ ಬೆಳೆಯುತ್ತ ಬಂದಿದೆ. ಅಲ್ಲಿನ ರಾಸ್ ಮತ್ತು ಎಲ್‌ಸೊಹ್ಲಿ ಕೋಣೆಯ ತಾಪದಲ್ಲಿ ನಾಲ್ಕು ವರ್ಷ ಇಟ್ಟ ಮಾದರಿಗಳನ್ನು ಅಳೆದರು. ಮೊದಲ ವರ್ಷ ಕಳೆದಾಗ ಸರಾಸರಿ 16.6% ಟಿಎಚ್‌ಸಿ ಹೋಗಿತ್ತು, ಎರಡನೆಯ ವರ್ಷಕ್ಕೆ 26.8%, ಮೂರಕ್ಕೆ 34.5%, ನಾಲ್ಕಕ್ಕೆ 41.4%. ಮೊದಲ ವರ್ಷದ ಇಳಿತವೇ ಹೆಚ್ಚು, ಆಮೇಲೆ ವೇಗ ತಗ್ಗುತ್ತದೆ. ಸಿಬಿಎನ್ ಮತ್ತು ಟಿಎಚ್‌ಸಿಯ ಪ್ರಮಾಣ ನೋಡಿ ಮಾದರಿಯ ವಯಸ್ಸನ್ನು ಸುಮಾರಾಗಿ ಹೇಳಬಹುದೆಂದೂ ಅವರು ತೋರಿಸಿದರು.

ಪರಿಮಳ ಇನ್ನೂ ಬೇಗ ಹೋಗುತ್ತದೆ. ಗಾಂಜಾದ ವಾಸನೆ ಟರ್ಪೀನ್ ಎಂಬ ಆವಿಯಾಗುವ ಎಣ್ಣೆಗಳದ್ದು. ನಿಂಬೆಸಿಪ್ಪೆಯ ಲಿಮೊನೀನ್, ಕರಿಮೆಣಸು ಮತ್ತು ಲವಂಗದ ಕ್ಯಾರಿಯೊಫಿಲೀನ್ ಇದರಲ್ಲೂ ಇವೆ. ಹಗುರವಾದವು ಒಣಗಿಸುವ ವಾರದಲ್ಲೇ ಆವಿಯಾಗತೊಡಗುತ್ತವೆ, ಭಾರದವು ನಿಧಾನವಾಗಿ. ಕಳೆದ ವರ್ಷದ ಸಾರಿನ ಪುಡಿಯ ಡಬ್ಬಿ ತೆರೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹದ ಬೇರೆ, ಹಳತು ಬೇರೆ

ವರ್ಷಗಟ್ಟಲೆ ಇಟ್ಟರೆ ಗಾಂಜಾ ಮಾಗುತ್ತದೆ ಎಂಬ ನಂಬಿಕೆ ಮನೆಯಲ್ಲಿ ಬೆಳೆಯುವವರಲ್ಲಿ ಗಟ್ಟಿಯಾಗಿದೆ. ಇದಕ್ಕೊಂದು ನಿಜವಾದ ಆಧಾರವಿದೆ. ಆದರೆ ಆ ಆಧಾರದ ಆಯಸ್ಸು ಕೆಲವು ವಾರ ಮಾತ್ರ.

ಕೊಯ್ದ ಹೂಗೊಂಚಲನ್ನು ತಂಪಾದ ಕತ್ತಲ ಕೋಣೆಯಲ್ಲಿ ಒಂದೆರಡು ವಾರ ತೂಗುಹಾಕಿ ಒಣಗಿಸುತ್ತಾರೆ. ಹೊರಮೈ ಗರಿಗರಿಯಾದರೂ ಒಳಗಿನ ದಂಟಿನಲ್ಲಿ ತೇವ ಉಳಿದಿರುತ್ತದೆ. ಗಾಜಿನ ಜಾಡಿಗೆ ತುಂಬಿ ಮುಚ್ಚಿದಾಗ ಆ ತೇವ ಹೊರಕ್ಕೆ ಹರಡಿ ಎಲ್ಲ ಕಡೆ ಸಮವಾಗುತ್ತದೆ. ಮೊದಲ ದಿನಗಳಲ್ಲಿ ದಿನಕ್ಕೊಮ್ಮೆಯಾದರೂ ಮುಚ್ಚಳ ತೆರೆದು ಹಬೆ ಬಿಡಬೇಕು. ಈ ಅವಧಿಯಲ್ಲಿ ಎಲೆಯ ಹರಿತ್ತು ಒಡೆದು ಹಸಿ ಹುಲ್ಲಿನ ವಾಸನೆ ಕಡಿಮೆಯಾಗುತ್ತದೆ, ಹೊಗೆಯ ಕಟುತ್ವ ಇಳಿಯುತ್ತದೆ. ಇದು ಹದ. ಇದು ಮುಗಿದ ಮೇಲೆ ಆಗುವುದೆಲ್ಲ ಸವಕಳಿಯೇ.

ತಂಬಾಕಿನ ಅನುಭವದಿಂದ ಗಾಂಜಾವನ್ನು ಅಳೆಯುವುದೂ ತಪ್ಪು ದಾರಿ ಹಿಡಿಸುತ್ತದೆ. ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳಲ್ಲಿ ಬೇಯಿಸಿದ ವರ್ಜೀನಿಯಾ ತಂಬಾಕನ್ನು ಕಂಪನಿಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇಟ್ಟು ಮಾಗಿಸುತ್ತವೆ. ಅಲ್ಲಿ ಬೆಲೆ ಇರುವುದು ಎಲೆಯ ಸಕ್ಕರೆ, ಸಾರಜನಕಗಳ ನಿಧಾನದ ಬದಲಾವಣೆಗೆ. ಗಾಂಜಾದ ಬೆಲೆಯೆಲ್ಲ ಹೂವಿನ ಮೇಲಿನ ಅಂಟಿನ ಗ್ರಂಥಿಗಳಲ್ಲಿದೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಸಣ್ಣ ಕಾಂಡ, ಅದರ ತುದಿಯಲ್ಲಿ ದುಂಡನೆಯ ತಲೆ. ಫೇರ್‌ಬೇರ್ನ್ ತಂಡ ಈ ಗ್ರಂಥಿಗಳನ್ನು ಚೆನ್ನಾಗಿ ತುಂಬಿ ಭದ್ರವಾಗಿ ಮುಚ್ಚಿದ ಪಾತ್ರೆಗಳೆಂದೇ ಪರಿಗಣಿಸಿತು. ಅವು ಒಡೆಯದಷ್ಟು ಕಾಲ ಒಳಗಿನದಕ್ಕೆ ರಕ್ಷಣೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಉಜ್ಜಿದರೆ ತಲೆಗಳು ಮುರಿದು ಚೀಲಕ್ಕೆ ಅಂಟುತ್ತವೆ. ಫ್ರೀಜರಿನಲ್ಲಿಟ್ಟು ಅಲುಗಾಡಿಸಿದರೆ ಪೆಡಸಾದ ತಲೆಗಳು ಉದುರುತ್ತವೆ.

ಹಳೆಯ ಗಾಂಜಾ ಒಳ್ಳೆಯ ನಿದ್ದೆ ತರಿಸುತ್ತದೆ, ಅದಕ್ಕೆ ಸಿಬಿಎನ್ ಕಾರಣ ಎಂಬ ಮಾತೂ ಚಾಲ್ತಿಯಲ್ಲಿದೆ. ಆ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಗುಳಿಗೆಗಳೂ ಬಂದಿವೆ. ಇದಕ್ಕೆ ಇರುವ ವೈಜ್ಞಾನಿಕ ಪುರಾವೆ ದುರ್ಬಲ. ನಿದ್ದೆಯ ತೊಂದರೆ ಇರುವವರು ಹಳೆಯ ಜಾಡಿಯನ್ನು ಔಷಧಿಯೆಂದು ನಂಬುವುದು ಬೇಡ.

ಒಂದು ನೆಲಮಾಳಿಗೆ

ಟೊರಾಂಟೊ ಸಮೀಪದ ಕನ್ನಡಿಗರೊಬ್ಬರ ಮನೆಯಲ್ಲಿ ಗಾಂಜಾ ಕಾಪಿಡುವ ಬಗೆಯನ್ನು ಹತ್ತಿರದಿಂದ ನೋಡಿದೆ. ಶಿವಮೊಗ್ಗ ಕಡೆಯವರು, ಬೆನ್ನುನೋವಿಗೆಂದು ರಾತ್ರಿ ಸ್ವಲ್ಪ ಬಳಸುತ್ತಾರೆ. ಮೇ ಕೊನೆಗೆ ಹಿತ್ತಲಲ್ಲಿ ಸಸಿ ನಡುತ್ತಾರೆ, ಇಬ್ಬನಿ ಹೆಪ್ಪುಗಟ್ಟುವ ಮೊದಲು ಅಕ್ಟೋಬರಿನಲ್ಲಿ ಕೊಯ್ಯುತ್ತಾರೆ. ನೆಲಮಾಳಿಗೆಯ ಮೂಲೆಯಲ್ಲಿ ಬೀಗ ಹಾಕಿದ ಲೋಹದ ಪೆಟ್ಟಿಗೆ. ಒಳಗೆ ಅಗಲ ಬಾಯಿಯ ಗಾಜಿನ ಜಾಡಿಗಳು, ಪ್ರತಿಯೊಂದಕ್ಕೂ ಕಾಗದದ ಟೇಪು. ಟೇಪಿನ ಮೇಲೆ ಕೊಯ್ದ ತಾರೀಖು, ಜಾಡಿಗೆ ತುಂಬಿದ ತಾರೀಖು.

ಒಂದು ಮುಚ್ಚಳ ತಿರುಗಿಸಿ ಮೂಗಿನ ಬಳಿ ಹಿಡಿದರು. ಆ ವರ್ಷದ್ದು. ನಿಂಬೆ, ಹಸಿ ಮಾವಿನೆಲೆ ಬೆರೆತ ಘಾಟು. ಪಕ್ಕದಲ್ಲಿದ್ದ ಹಳೆಯ ಜಾಡಿಯಲ್ಲಿ ಒಣಹುಲ್ಲಿನ ವಾಸನೆ, ಹಸಿರು ಕಂದಿಗೆ ತಿರುಗಿತ್ತು.

‘ಇಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿದರೆ ಗಾಳಿ ಪೂರಾ ಒಣಗಿಬಿಡುತ್ತೆ ಸಾರ್. ಗರಿಗರಿಯಾಗಿ ಪುಡಿಯಾಗುತ್ತೆ. ಅದಕ್ಕೆ ಇದು’ ಎಂದು ಜಾಡಿಯೊಳಗಿನ ಸಣ್ಣ ಪೊಟ್ಟಣ ತೋರಿಸಿದರು. ಜಾಡಿಯೊಳಗೆ ತೇವಾಂಶ 60% ಆಸುಪಾಸಿನಲ್ಲಿ ನಿಲ್ಲುವಂತೆ ತೇವ ಹೀರುವ, ಬಿಡುವ ಪೊಟ್ಟಣ ಅದು.

‘ಮೇಲೆ ಅಡುಗೆಮನೆಯಲ್ಲಿ ಇಡಬಹುದಿತ್ತಲ್ಲ?’

‘ಮಗಳಿಗೆ ಆರು ವರ್ಷ ಸಾರ್. ಸ್ಟೂಲ್ ಹಾಕಿಕೊಂಡು ಎಲ್ಲಾ ಕಪಾಟೂ ತೆಗೀತಾಳೆ. ಇದರ ಬೀಗದ ಕೈ ನನ್ನ ಹತ್ತಿರ ಬಿಟ್ಟರೆ ಇನ್ನೆಲ್ಲೂ ಇಲ್ಲ.’

ಬೆಳಕಿಲ್ಲದ ಜಾಗ, ಗಾಳಿ ಕಡಿಮೆ ಇರುವ ಜಾಡಿ, ತಂಪು, ತಾರೀಖು, ಬೀಗ. ಮೊದಲ ಮೂರರ ಬಗ್ಗೆ ಸಂಶೋಧನಾ ಪ್ರಬಂಧಗಳು ಹೇಳುವುದೂ ಇದನ್ನೇ. ಕೊನೆಯ ಎರಡನ್ನು ಮಾತ್ರ ಹೆಚ್ಚಿನವರು ಮರೆಯುತ್ತಾರೆ.

ಕಾಣದ ಬೂಷ್ಟು

ಸತ್ವ ಕಡಿಮೆಯಾಗುವುದು ಬಳಸುವವರಿಗೆ ನಷ್ಟವಷ್ಟೇ. ತೇವ ಹೆಚ್ಚಾದರೆ ಅಪಾಯ. ಜಾಡಿಯೊಳಗಿನ ತೇವಾಂಶ 65% ದಾಟಿದರೆ ಬೂಷ್ಟು ಹಿಡಿಯಲು ದಾರಿಯಾಗುತ್ತದೆ. ಅಮೆರಿಕದ ಗುಣಮಟ್ಟ ನಿಗದಿ ಸಂಸ್ಥೆ ಎಎಸ್‌ಟಿಎಂ ಒಣ ಹೂವಿಗೆ 0.55ರಿಂದ 0.65ರ ನಡುವಿನ ಜಲ ಚಟುವಟಿಕೆಯನ್ನು (ಬೂಷ್ಟಿಗೆ ಸಿಗುವ ನೀರಿನ ಅಳತೆ) ನಿಗದಿ ಮಾಡಿರುವುದು ಇದೇ ಕಾರಣಕ್ಕೆ. ಆಸ್ಪರ್ಜಿಲ್ಲಸ್ ಎಂಬ ಶಿಲೀಂಧ್ರದ ಬೀಜಕಣಗಳು ಹೊಗೆಯ ಜೊತೆ ಶ್ವಾಸಕೋಶ ಸೇರಿದರೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ, ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ ಪ್ರಾಣಕ್ಕೇ ಕುತ್ತು ತರಬಹುದು. ನೋವು, ವಾಕರಿಕೆಗೆಂದು ಗಾಂಜಾದ ಮೊರೆ ಹೋಗುವವರಲ್ಲಿ ಇಂಥವರೂ ಇರುತ್ತಾರೆ. ಬೂಷ್ಟು ಬಿಳಿಯಾಗಿ ಕಾಣದೆ ಗೊಂಚಲಿನ ಒಳಗಡೆ ಕೂತಿರಬಹುದು. ಹಳೆಯ ಬಟ್ಟೆಯ ಮುಗ್ಗಲು ವಾಸನೆ ಬಂದ ಜಾಡಿಯನ್ನು ಬಿಸಿಲಿಗಿಟ್ಟು ಉಳಿಸಿಕೊಳ್ಳಲು ಹೋಗದೆ ಎಸೆಯುವುದೇ ಸರಿ.

ನಮ್ಮಲ್ಲಿ ಜಾಡಿಯಿಲ್ಲ, ಮಾಲಖಾನೆ ಇದೆ

ಇದನ್ನೋದುವ ಕರ್ನಾಟಕದವರಿಗೆ ಸ್ಪಷ್ಟವಾಗಿ ಹೇಳಬೇಕು: ಭಾರತದಲ್ಲಿ ಗಾಂಜಾ ಮನೆಯಲ್ಲಿಡುವುದು ಅಪರಾಧ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಒಂದು ಕಿಲೊವರೆಗಿನದು ಸಣ್ಣ ಪ್ರಮಾಣ, ಅದಕ್ಕೂ ಒಂದು ವರ್ಷದವರೆಗೆ ಜೈಲಾಗಬಹುದು. 20 ಕಿಲೊ ದಾಟಿದರೆ ಕನಿಷ್ಠ ಹತ್ತು ವರ್ಷ. ತುದಿ ಸೇರದ ಬರೀ ಎಲೆ, ಬೀಜ ಈ ವ್ಯಾಖ್ಯೆಯಲ್ಲಿಲ್ಲ. ಹೀಗಾಗಿಯೇ ಭಂಗಿ ಈ ಕಾಯ್ದೆಯಡಿ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಪ್ರಕರಣವೊಂದರಲ್ಲಿ ಹೇಳಿತು. ಯಾದಗಿರಿ ಸೀಮೆಯ ಕೆಲವು ಶರಣ, ಅವಧೂತ ಪರಂಪರೆಗಳಲ್ಲಿ ಗಾಂಜಾ ಪ್ರಸಾದದ ಸ್ಥಾನ ಪಡೆದಿದೆ. ಆ ನಂಬಿಕೆಗೆ ಕಾಯ್ದೆಯಲ್ಲಿ ವಿನಾಯಿತಿಯಿಲ್ಲ.

ನಮ್ಮಲ್ಲಿ ಗಾಂಜಾ ದೊಡ್ಡ ಪ್ರಮಾಣದಲ್ಲಿ ಹಳತಾಗುವುದು ಪೊಲೀಸರ ಮಾಲಖಾನೆಯಲ್ಲಿ. ಪ್ರಕರಣ ಮುಗಿಯುವವರೆಗೆ ಮುದ್ದೆಮಾಲು ಮೂಟೆಗಳಲ್ಲಿ ಕೂತಿರುತ್ತದೆ. ವಶಪಡಿಸಿಕೊಂಡ ಮಾದಕ ವಸ್ತುಗಳ ಸಂಗ್ರಹ ಎಷ್ಟು ಅವ್ಯವಸ್ಥಿತವೆಂಬುದನ್ನು ಸುಪ್ರೀಂ ಕೋರ್ಟ್ 2016ರ ಮೋಹನಲಾಲ್ ಪ್ರಕರಣದಲ್ಲಿ ಗಂಭೀರವಾಗಿ ಪರಿಗಣಿಸಿ, ಮಾದರಿ ತೆಗೆದು ಬೇಗ ನಾಶಪಡಿಸುವಂತೆ ನಿರ್ದೇಶಿಸಿತು. ಆದರೂ 2022ರಲ್ಲಿ ಉತ್ತರ ಪ್ರದೇಶದ ಮಥುರಾದ ಪೊಲೀಸರು, 500 ಕಿಲೊಗೂ ಹೆಚ್ಚು ಗಾಂಜಾವನ್ನು ಇಲಿಗಳು ತಿಂದಿವೆ ಎಂದು ನ್ಯಾಯಾಲಯಕ್ಕೆ ತಿಳಿಸುವ ಸ್ಥಿತಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ವಶ, ಸಂಗ್ರಹ, ಮಾದರಿ, ವಿಲೇವಾರಿಗೆ ಹೊಸ ನಿಯಮಗಳನ್ನು ತಂದಿತು. ಒಬ್ಬ ಮನುಷ್ಯನ ಹತ್ತು ವರ್ಷದ ಬದುಕು ನಿಂತಿರುವುದು ಆ ಮೂಟೆಯ ಮೇಲೆ. ಅದರಲ್ಲಿ ಏನಿತ್ತು, ಎಷ್ಟಿತ್ತು ಎಂದು ನಾಳೆಯೂ ತೋರಿಸಲು ಆಗಬೇಕು. ಮೂಟೆ ಕೊಳೆತರೆ ಅಪರಾಧಿ ತಪ್ಪಿಸಿಕೊಳ್ಳಬಹುದು, ನಿರಪರಾಧಿಗೆ ತನ್ನ ಪರವಾದ ಸಾಕ್ಷ್ಯ ಸಿಗದೆ ಹೋಗಬಹುದು. ಎರಡೂ ಅನ್ಯಾಯವೇ.

ತಾರೀಖು ಮತ್ತು ಬೀಗ

ಕೆನಡಾದ ಅಂಗಡಿಯಲ್ಲಿ ಸಿಗುವ ಪೊಟ್ಟಣದ ಮೇಲೆ ಟಿಎಚ್‌ಸಿ ಪ್ರಮಾಣ, ಪೊಟ್ಟಣ ಕಟ್ಟಿದ ದಿನ ಮುದ್ರಿಸಬೇಕೆಂಬ ನಿಯಮವಿದೆ. ಎಷ್ಟು ಕಾಲ ಬಾಳುತ್ತದೆಂದು ಪರೀಕ್ಷೆ ಮಾಡಿದವರು ಮಾತ್ರ ಅವಧಿ ಮುಗಿಯುವ ದಿನ ಹಾಕಬಹುದು. ನನಗೆ ಇದು ಪ್ರಾಮಾಣಿಕವಾದ ನಿಯಮ ಅನ್ನಿಸುತ್ತದೆ. ಅದರ ಜೊತೆಗೆ ಬಳಸುವವರಿಗೆ ಒಂದು ಹೊಣೆಯೂ ಬರುತ್ತದೆ. ಮುದ್ರಿಸಿದ ಅಂಕಿ ಪೊಟ್ಟಣ ಕಟ್ಟಿದ ದಿನಕ್ಕೆ ಸೇರಿದ್ದು. ಎರಡು ವರ್ಷ ಕಳೆದ ಮೇಲೆ ಅದನ್ನು ನಂಬಿ ಅಳತೆ ಮಾಡುವಂತಿಲ್ಲ. ಹಳೆಯದರಲ್ಲಿ ಸತ್ವ ಸಾಲದೆ ಪ್ರಮಾಣ ಹೆಚ್ಚಿಸಿಕೊಂಡವರು, ಹೊಸ ಪೊಟ್ಟಣಕ್ಕೂ ಅದೇ ಪ್ರಮಾಣ ಹಾಕಿದರೆ ಎದೆ ಹೊಡೆದುಕೊಳ್ಳುತ್ತ, ಗಾಬರಿಯಿಂದ ಆಸ್ಪತ್ರೆ ಸೇರುವ ಸಂದರ್ಭ ಬರಬಹುದು.

ಇನ್ನೂ ದೊಡ್ಡ ಭಯ ಮಕ್ಕಳದ್ದು. 2019ರ ಅಕ್ಟೋಬರಿನಲ್ಲಿ ಕೆನಡಾ ಗಾಂಜಾ ಬೆರೆತ ತಿನಿಸುಗಳಿಗೂ ಒಪ್ಪಿಗೆ ಕೊಟ್ಟಿತು. ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂ ಟಿಎಚ್‌ಸಿ ಮೀರಬಾರದು, ಮಗು ತೆರೆಯಲಾಗದ ಹೊದಿಕೆ ಇರಬೇಕು ಎಂಬ ಕಟ್ಟುಪಾಡು ಹಾಕಿತು. ಆದರೂ ಒಂಟಾರಿಯೊದಲ್ಲಿ ಹತ್ತು ವರ್ಷದೊಳಗಿನ ಮಕ್ಕಳು ಗಾಂಜಾ ವಿಷಬಾಧೆಯಿಂದ ತುರ್ತು ಚಿಕಿತ್ಸೆಗೆ ಬರುವ ಮಾಸಿಕ ಸಂಖ್ಯೆ ಕಾನೂನಿಗೆ ಮೊದಲಿದ್ದ ಸಂಖ್ಯೆಯ ಒಂಬತ್ತು ಪಟ್ಟಾಯಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂಗಡಿಯ ಪೊಟ್ಟಣಕ್ಕಾದರೂ ಮಿತಿಯುಂಟು, ಮನೆಯಲ್ಲಿ ಮಾಡಿದ ಬಿಸ್ಕತ್ತು, ಬೆಣ್ಣೆಗೆ ಯಾವ ಮಿತಿಯೂ ಇಲ್ಲ. ಮಗುವಿನ ಕಣ್ಣಿಗೆ ಅದೊಂದು ತಿಂಡಿ. ತಿಂದದ್ದು ಮೈಗೆ ಹತ್ತಲು ಒಂದೆರಡು ಗಂಟೆ ಬೇಕಾಗುವುದರಿಂದ, ಮಗು ಏಳದಷ್ಟು ಮಂಪರಿಗೆ ಬಿದ್ದಾಗಲೇ ಮನೆಯವರಿಗೆ ಗೊತ್ತಾಗುತ್ತದೆ. ಹಾಗಾದಾಗ ನಾಚಿಕೆ, ಭಯ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು, ಏನು ತಿಂದಿದೆಯೆಂದು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಗಾಂಜಾ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಇನ್ನೂ ಬಹುಕಾಲ ನಡೆಯುತ್ತದೆ. ಅದು ಎಲ್ಲಿ ಕಾನೂನಿನ ಒಪ್ಪಿಗೆ ಪಡೆದು ಮನೆಯೊಳಗೆ ಬಂದಿದೆಯೋ ಅಲ್ಲಿ ವಾದ ತೀರುವವರೆಗೆ ಕಾಯಲು ಆಗದು. ವಿದೇಶದಲ್ಲಿರುವ ಮಕ್ಕಳಿಗೆ ಊರಿಂದ ಫೋನು ಮಾಡುವ ತಂದೆತಾಯಂದಿರು ಈ ವಿಷಯ ಬಂದರೆ ಬೈದು ಫೋನಿಡುವ ಬದಲು ಕೆಲವು ಪ್ರಶ್ನೆ ಕೇಳಲಿ: ಎಲ್ಲಿ ಇಟ್ಟಿದ್ದೀರಿ, ಯಾವ ತಾರೀಖಿನದು, ಬೀಗ ಇದೆಯಾ, ಮಗು ಆಡಲು ಹೋಗುವ ಮನೆಯಲ್ಲೂ ಇದನ್ನು ಕೇಳಿದ್ದೀರಾ? ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಡಬ್ಬಿಯ ಮೇಲೆ ಯಾರೂ ತಾರೀಖು ಬರೆಯುವುದಿಲ್ಲ. ಅಂಥ ಡಬ್ಬಿಯೇ ಮಕ್ಕಳ ಕೈಗೆ ಸುಲಭವಾಗಿ ಸಿಗುವುದು.